ವೈದ್ಯನ ಮೌನಕ್ಕೆ ಮಠವೇಕೆ ಕಾವಲು?



ಇತ್ತೀಚೆಗೆ ನಮ್ಮ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ವೈದ್ಯ ಮಹಾಶಯರೊಬ್ಬರು ಸುದೀರ್ಘವಾಗಿ ಮಾತನಾಡಿದರು. ಅವರ ಭಾಷಣದ ಸಾರಾಂಶ ಹೀಗಿತ್ತು: ಹಿಂದಿನ ಕಾಲದಲ್ಲಿ ರೋಗಿಯು ವೈದ್ಯನಲ್ಲಿ ಶ್ರದ್ಧೆಯಿಟ್ಟು ಬರುತ್ತಿದ್ದನು, ಈಗ ವಕೀಲರು, ವೃತ್ತಪತ್ರಿಕೆಗಳು, ಗ್ರಾಹಕ ಆಯೋಗಗಳು ಸೇರಿ ಆ ಶ್ರದ್ಧೆಯನ್ನು ಕೆಡಿಸಿವೆ. ಪ್ರತಿಯೊಬ್ಬನಿಗೂ ರೋಗದ ವಿವರ ಹೇಳುತ್ತ ಕುಳಿತರೆ ಹೊರಗೆ ನೂರು ಜನ ಕಾಯಬೇಕಾಗುತ್ತದೆ. ಹೇಳಿದರೂ ಹಳ್ಳಿಯ ಜನಕ್ಕೆ ತಿಳಿಯುವುದಿಲ್ಲ. ತಿಳಿದರೆ ಅಂಜಿ ಎದ್ದುಹೋಗುತ್ತಾರೆ. ಇಂದು ಹೇಳಿದ ಮಾತೇ ನಾಳೆ ನ್ಯಾಯಾಲಯದಲ್ಲಿ ವೈದ್ಯನ ಕೊರಳಿಗೆ ಉರುಳಾಗುತ್ತದೆ. ಆದುದರಿಂದ ಮಠಮಾನ್ಯಗಳು ಜನರಿಗೆ ವೈದ್ಯರಲ್ಲಿ ಶ್ರದ್ಧೆಯನ್ನು ಬೋಧಿಸಬೇಕು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷಪೀಠದಲ್ಲಿದ್ದ ನಾವು, ಹೊತ್ತು ಮೀರಿತ್ತೆಂಬ ನೆಪದಿಂದ ಎರಡು ಮಾತಿನ ಆಶೀರ್ವಚನ ನೀಡಿ ಎದ್ದುಬಿಟ್ಟೆವು. ಅಂದು ಆಡದೆ ಉಳಿದುದನ್ನು ಈಗ ಬರೆಯುತ್ತಿದ್ದೇವೆ. ಆ ವೈದ್ಯರು ಸಜ್ಜನರು, ಕೈಗುಣವುಳ್ಳವರು. ಈ ಲೇಖನವನ್ನು ಅವರೇ ಮೊದಲು ಓದಬೇಕೆಂದು ನಮ್ಮ ಅಪೇಕ್ಷೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಸಮೀಪದ ಗ್ರಾಮದ ಭಕ್ತನೊಬ್ಬನು ಪಿತ್ತಕೋಶದ ಕಲ್ಲಿನ ಬಾಧೆಯಿಂದ ಒಂದು ಖಾಸಗಿ ದವಾಖಾನೆಗೆ ಸೇರಿದನು. ಊರಿನ ಹೆಸರಾಗಲಿ ದವಾಖಾನೆಯ ಹೆಸರಾಗಲಿ ಇಲ್ಲಿ ಬೇಡ. ಹೊಟ್ಟೆಗೆ ಸಣ್ಣ ರಂಧ್ರಗಳನ್ನು ಮಾಡಿ, ಕೊಳವೆ ಇಳಿಸಿ ನಡೆಸುವ ಈಗಿನ ಕ್ರಮದ ಶಸ್ತ್ರಕ್ರಿಯೆಯಾಯಿತು. ಮೂರು ದಿನದಲ್ಲಿ ಮನೆಗೆ ಕಳುಹಿಸುತ್ತೇವೆ ಎಂದಿದ್ದರು. ಮೂರನೆಯ ದಿನ ಜ್ವರ ಬಂದಿತು, ಹೊಟ್ಟೆ ಉಬ್ಬರಿಸಿತು, ಕಣ್ಣು ಹಳದಿಯಾಯಿತು. ಹೆಂಡತಿ ಕೇಳಿದಾಗಲೆಲ್ಲ ‘ವಾಯು ತುಂಬಿದೆ, ಇಳಿಯುತ್ತದೆ’ ಎಂಬ ಒಂದೇ ಉತ್ತರ. ಆರನೆಯ ದಿನ ರಾತ್ರಿ ಅವಸರ ಅವಸರವಾಗಿ ದೊಡ್ಡ ನಗರದ ಆಸ್ಪತ್ರೆಗೆ ಸಾಗಿಸಿದರು. ಹನ್ನೊಂದನೆಯ ದಿನ ಆತನು ಲಿಂಗೈಕ್ಯನಾದನು.

ಊರಿನ ತರುಣರು ಗುಂಪುಗೂಡಿ ದವಾಖಾನೆಯ ಮುಂದೆ ನಿಂತರು. ಶಸ್ತ್ರಕ್ರಿಯೆ ಮಾಡಿದ ವೈದ್ಯನು ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿದವನು. ಆತನಿಂದ ನಮಗೆ ಫೋನು ಬಂದಿತು: ತಾವು ಒಂದು ಮಾತು ಹೇಳಿದರೆ ಜನ ಚದುರುತ್ತಾರೆ. ನಾವು ಹೇಳಿದೆವು. ಆ ಮನೆಯವರನ್ನು ಮಠಕ್ಕೆ ಕರೆಸಿ, ವಿಭೂತಿ ಕೊಟ್ಟು, ಶಿವಸಂಕಲ್ಪವನ್ನು ಮೀರಲು ಯಾರಿಗೂ ಸಾಧ್ಯವಿಲ್ಲವೆಂದು ಸಮಾಧಾನ ಮಾಡಿ ಕಳುಹಿಸಿದೆವು. ಮಠದ ಮಾತನ್ನು ದಾಟುವ ಜನ ಅವರಲ್ಲ. ಹಣೆ ಮಣಿದು ಹೋದರು. ಮುಂದಿನ ತಿಂಗಳು ಆ ವೈದ್ಯನಿಂದ ದಾಸೋಹಕ್ಕೆ ಅಕ್ಕಿಯ ಮೂಟೆಗಳು ಬಂದವು. ಅವನ್ನು ನಾವು ಸ್ವೀಕರಿಸಿದೆವು.

ಎರಡು ವರ್ಷ ಕಳೆದ ಮೇಲೆ ಆ ಹೆಣ್ಣುಮಗಳು ಒಬ್ಬಳೇ ಮಠಕ್ಕೆ ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕಡತ ಕೈಯಲ್ಲಿತ್ತು. ತಂಗಿಯ ಮಗನೊಬ್ಬನು ಅರ್ಜಿ ಕೊಟ್ಟು ದವಾಖಾನೆಯಿಂದ ಅದನ್ನು ಪಡೆದಿದ್ದನಂತೆ. “ಅಪ್ಪಾರ, ನೀವು ಇಂಗ್ಲೀಷ್ ಓದಿದವರು. ಇದರಾಗ ಏನ ಬರದಾರ, ಅಷ್ಟ ಹೇಳ್ರಿ” ಎಂದಳು. ಪರಿಹಾರದ ಹಣದ ಮಾತಿಲ್ಲ, ವೈದ್ಯನ ಮೇಲೆ ಶಾಪವಿಲ್ಲ. ವೈದ್ಯಶಾಸ್ತ್ರ ನಮ್ಮ ಅಭ್ಯಾಸದ ವಿಷಯವಲ್ಲವಾದರೂ, ವಿಶ್ವವಿದ್ಯಾಲಯದಲ್ಲಿ ಕಲಿತ ಇಂಗ್ಲಿಷು ಇಷ್ಟಕ್ಕೆ ಸಾಕಾಯಿತು. ಮೂರನೆಯ ದಿನದ ಪುಟದಲ್ಲಿ, ಪಿತ್ತನಾಳಕ್ಕೆ ಪೆಟ್ಟಾಗಿರುವ ಸಂಶಯವಿದೆಯೆಂದು ಆ ವೈದ್ಯನೇ ತನ್ನ ಕೈಯಾರೆ ಬರೆದಿದ್ದನು. ನಾವು ಓದಿ ಹೇಳಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು ಅಂದಳು: “ಹಂಗಾದ್ರ ಆ ದಿನಾನ ದೊಡ್ಡ ದವಾಖಾನಿಗೆ ಒಯ್ತಿದ್ವಲ್ರೀ ಅಪ್ಪಾರ. ಎತ್ತು ಮಾರಿಯಾದ್ರೂ ಒಯ್ತಿದ್ವಿ.”

ಅಂದಿನಿಂದ ನಮಗೆ ಈ ವಿಷಯದಲ್ಲಿ ನೆಮ್ಮದಿಯಿಲ್ಲ. ಪಿತ್ತನಾಳಕ್ಕೆ ಪೆಟ್ಟು ಬೀಳುವುದು ನುರಿತ ಕೈಯಲ್ಲಿಯೂ ಎಂದಾದರೊಮ್ಮೆ ಸಂಭವಿಸಬಹುದಾದ ಅವಘಡ. ಅದೊಂದರ ಮೇಲೆಯೇ ವೈದ್ಯನನ್ನು ಅಪರಾಧಿಯೆನ್ನಲು ನಾವು ಸಿದ್ಧರಿಲ್ಲ, ನ್ಯಾಯಾಲಯಗಳೂ ಸಿದ್ಧವಿಲ್ಲ. ಆದರೆ ತಿಳಿದದ್ದನ್ನು ಆ ಮೂರು ದಿನ ಹೇಳದೆ ಇಟ್ಟುದು ಏನು? ಅದನ್ನು ಸಭ್ಯತೆಯ ಕೊರತೆಯೆಂದು ಕರೆದು ಕೈತೊಳೆದುಕೊಳ್ಳಲಾದೀತೆ? ಹೇಳಿದ್ದರೆ ಆತನಿಗೆ ಬೇರೊಂದು ಚಿಕಿತ್ಸೆ ಮೂರು ದಿನ ಮೊದಲೇ ದೊರೆಯುತ್ತಿತ್ತು. ಬದುಕುತ್ತಿದ್ದನೆಂದು ನಾವು ಪ್ರಮಾಣ ಮಾಡಲಾರೆವು. ಆದರೆ ಆ ಅವಕಾಶ ತಪ್ಪಿದುದು ಮಾತಿನ ಅಭಾವದಿಂದ. ಔಷಧಿಯನ್ನು ತಡೆಹಿಡಿದ ವೈದ್ಯನನ್ನು ನಿರ್ಲಕ್ಷ್ಯದ ದೋಷಿ ಎನ್ನುತ್ತೇವೆ. ಔಷಧಿಯಷ್ಟೇ ಅವಶ್ಯವಾದ ಮಾತನ್ನು ತಡೆಹಿಡಿದವನನ್ನು ಮಾತ್ರ ‘ಸ್ವಲ್ಪ ಮಿತಭಾಷಿ’ ಎಂದು ಬಿಟ್ಟುಬಿಡುತ್ತೇವೆ. ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ.

ಇದು ಕಾವಿ ತೊಟ್ಟವನ ಭಾವುಕತೆಯೆಂದು ಯಾರಾದರೂ ತಿಳಿದಾರು. ಆದುದರಿಂದ ನಮ್ಮ ಸರ್ವೋಚ್ಚ ನ್ಯಾಯಾಲಯವು 2008ನೆಯ ಜನವರಿ 16ರಂದು ಕೊಟ್ಟ ಒಂದು ತೀರ್ಪನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಪ್ರಸ್ತುತವಾಗಲಾರದು. 1995ನೆಯ ಮೇ ತಿಂಗಳಲ್ಲಿ ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ದೀರ್ಘಕಾಲದ ರಕ್ತಸ್ರಾವದ ಕಾರಣ ವೈದ್ಯರೊಬ್ಬರಲ್ಲಿಗೆ ಹೋದರು. ರೋಗವೇನೆಂಬುದನ್ನು ಖಚಿತಪಡಿಸಿಕೊಳ್ಳಲು, ಅರಿವಳಿಕೆ ಕೊಟ್ಟು ಕೊಳವೆಯಿಂದ ಒಳಗನ್ನು ಪರೀಕ್ಷಿಸಬೇಕೆಂದು ವೈದ್ಯರು ಸೂಚಿಸಿದರು. ಮರುದಿನ ಆಕೆ ವೃದ್ಧ ತಾಯಿಯೊಡನೆ ಬಂದು, ಪತ್ರಗಳಿಗೆ ಸಹಿ ಮಾಡಿ, ಶಸ್ತ್ರಕ್ರಿಯೆಯ ಕೊಠಡಿಗೆ ಹೋದರು. ಆಕೆ ಎಚ್ಚರ ತಪ್ಪಿ ಮಲಗಿರುವಾಗಲೇ ಸಹಾಯಕ ವೈದ್ಯರು ಹೊರಗೆ ಬಂದು, ಬಾಗಿಲಲ್ಲಿ ಕುಳಿತಿದ್ದ ತಾಯಿಯಿಂದ ಇನ್ನೊಂದು ಒಪ್ಪಿಗೆ ಪಡೆದರು. ಆಕೆಗೆ ಎಚ್ಚರವಾದಾಗ ಗರ್ಭಕೋಶ, ಅಂಡಾಶಯಗಳು, ಅಂಡನಾಳಗಳು ಎಲ್ಲವನ್ನೂ ತೆಗೆದುಹಾಕಲಾಗಿತ್ತು.

ವಾಚಕರು ಗಮನಿಸಬೇಕಾದುದು ಇದು: ಶಸ್ತ್ರ ತಪ್ಪಾಗಿ ನಡೆಯಲಿಲ್ಲ. ವೈದ್ಯರು ಸದ್ಭಾವದಿಂದಲೇ ಮಾಡಿದರು, ರೋಗವೂ ವಾಸಿಯಾಯಿತು ಎಂಬುದನ್ನು ನ್ಯಾಯಾಲಯವೇ ಒಪ್ಪಿಕೊಂಡಿತು. ಆದರೂ ಅದು ಅಕ್ರಮವೆಂದು ತೀರ್ಮಾನಿಸಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಒಂದು ಶಸ್ತ್ರಕ್ರಿಯೆಗೆ ಕೊಟ್ಟುದು ಇನ್ನೊಂದಕ್ಕೆ ಸಲ್ಲದು. ಪ್ರಾಣ ಹೋಗುವ ತುರ್ತು ಇದ್ದರೆ ಮಾತು ಬೇರೆ, ಇಲ್ಲಿ ಅಂಥ ತುರ್ತು ಇರಲಿಲ್ಲ. ಎಚ್ಚರವಾಗುವವರೆಗೆ ಕಾದು ಆಕೆಯನ್ನೇ ಕೇಳಬಹುದಾಗಿತ್ತು. ಪ್ರಾಪ್ತವಯಸ್ಕಳಾದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬೇರೆ ಮಾರ್ಗಗಳಿದ್ದರೆ ಅವು, ಮುಖ್ಯವಾದ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇಷ್ಟನ್ನು ವೈದ್ಯನು ಹೇಳಲೇಬೇಕು. ಈ ತೀರ್ಪನ್ನು ಬರೆದವರು ಹಿಂದೆ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು.

ತೀರ್ಪಿನ ತತ್ತ್ವಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅದರ ಎರಡು ಅಂಶಗಳ ವಿಷಯದಲ್ಲಿ ನಮಗೆ ಸಮಾಧಾನವಿಲ್ಲ. 25 ಲಕ್ಷ ರೂಪಾಯಿ ಕೇಳಿದ್ದ ಆಕೆಗೆ, ಸುಮಾರು 12 ವರ್ಷ ಕಾದ ಮೇಲೆ, ದೊರೆತ ಪರಿಹಾರ 25,000 ರೂಪಾಯಿ. ವೈದ್ಯರಿಗೆ ಶುಲ್ಕವಿಲ್ಲವೆಂದು ಹೇಳಿದ್ದು ಸರಿಯೆ. ಆದರೂ ಒಂದು ಜೀವದ ನಿರ್ಧಾರವನ್ನು ಆಕೆಯ ಕೈಯಿಂದ ಕಿತ್ತುಕೊಂಡುದರ ಬೆಲೆ ಇಷ್ಟೇ ಎಂದು ಹೇಳಿದಂತಾಯಿತು. ಎರಡನೆಯದು, ಸರ್ಕಾರಿ ಆಸ್ಪತ್ರೆಗಳ ದಟ್ಟಣೆಯನ್ನೂ ನಮ್ಮ ಬಡರೋಗಿಗಳ ಸ್ಥಿತಿಯನ್ನೂ ಮುಂದಿಟ್ಟುಕೊಂಡು, ರೋಗಿಗೆ ಎಷ್ಟು ಹೇಳಬೇಕೆಂಬ ವಿಷಯದಲ್ಲಿ ಅಮೆರಿಕದ ಹೆಚ್ಚಿನ ಅಳತೆಯನ್ನು ನಮ್ಮ ದೇಶಕ್ಕೆ ಒಪ್ಪದೆ, ವೈದ್ಯರ ಅಳತೆಗೆ ಹತ್ತಿರವಾದುದನ್ನೇ ನ್ಯಾಯಾಲಯ ಇರಿಸಿಕೊಂಡಿತು. ವಾಸ್ತವವನ್ನು ಬಲ್ಲ ನ್ಯಾಯಾಧೀಶರ ವಿವೇಕ ಅದರ ಹಿಂದೆ ಇದ್ದೀತು. ಆದರೆ ಬಡವನಿಗೆ ಕಡಿಮೆ ಅನ್ನ ಸಾಕೆಂದು ನಾವು ದಾಸೋಹದಲ್ಲಿ ಹೇಳುವುದಿಲ್ಲ. ಕಡಿಮೆ ಮಾತು ಸಾಕೆಂದು ಆಸ್ಪತ್ರೆಯಲ್ಲಿ ಏಕೆ ಹೇಳಬೇಕು?

ತಾಯಿಯನ್ನು ಕೇಳಿ ಮಗಳನ್ನು ಬಿಟ್ಟುದು ಆ ಒಬ್ಬ ವೈದ್ಯರ ಪ್ರಮಾದವಲ್ಲ. ಅದು ಬಹಳ ಹಳೆಯ ರೂಢಿ, ನಮ್ಮ ಶಾಸ್ತ್ರಗಳಲ್ಲಿಯೂ ಅದರ ಬೇರಿದೆ. ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಾದ್ದರಿಂದ ಆಯುರ್ವೇದದ ಹೆಮ್ಮೆಯನ್ನು ಕೇಳುತ್ತ ಬೆಳೆದೆವು. ಆ ಹೆಮ್ಮೆಗೆ ಕಾರಣವೂ ಉಂಟು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಯೂ ಚಿಕಿತ್ಸೆಯ ಒಂದು ಪಾದ, ಅದು ಬರೀ ಮಲಗಿಸುವ ದೇಹವಲ್ಲ. ಆತನಿಗಿರಬೇಕಾದ ಗುಣಗಳಲ್ಲಿ ಜ್ಞಾಪಕತ್ವ, ಎಂದರೆ ತನ್ನ ಬಾಧೆಯನ್ನು ತಿಳಿಯಪಡಿಸುವ ಶಕ್ತಿ, ಒಂದಾಗಿದೆ. ಹೇಳುವ ಗುಣ ರೋಗಿಗೆ ಬೇಕೆಂದ ಮೇಲೆ ಕೇಳುವ ಗುಣ ವೈದ್ಯನಿಗೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ. ನೋಡುವುದು, ಮುಟ್ಟುವುದು, ಪ್ರಶ್ನಿಸುವುದು ಎಂಬ ಮೂರು ಬಗೆಯ ಪರೀಕ್ಷೆಯನ್ನು ಕಲಿಸಿದ ಪರಂಪರೆ ಇದು. ಆದರೆ ಅದೇ ಚರಕಸಂಹಿತೆಯು, ಆಯುಷ್ಯ ಕಡಿಮೆಯಾಗಿದೆಯೆಂಬುದು ತಿಳಿದರೂ, ಹೇಳಿದರೆ ಆಘಾತವಾಗುವೆಡೆಯಲ್ಲಿ ಹೇಳಬಾರದೆಂದು ಶಿಷ್ಯನಿಗೆ ಬೋಧಿಸುತ್ತದೆ. ಸುಶ್ರುತಸಂಹಿತೆಯು ಗರ್ಭದಲ್ಲಿ ಶಿಶು ಸಿಕ್ಕಿಕೊಂಡಾಗಿನ ಕಠಿಣವಾದ ಶಸ್ತ್ರಕಾರ್ಯಕ್ಕೆ ಮುನ್ನ ಅಪ್ಪಣೆ ಪಡೆಯಬೇಕೆನ್ನುತ್ತದೆ; ಅಪ್ಪಣೆ ಯಾರದು? ಅಧಿಪತಿಯದು. ನೋವು ತಿನ್ನುತ್ತಿರುವ ಹೆಣ್ಣನ್ನು ಕೇಳಬೇಕೆಂಬ ಮಾತು ಅಲ್ಲಿಲ್ಲ.

ಅದು ಅಂದಿನ ಕಾಲ ಎನ್ನಬಹುದು. ಹಾಗಾದರೆ ನಮ್ಮ ಕಾಲದ್ದನ್ನೇ ನೋಡೋಣ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ವೈದ್ಯರ ನಡತೆಗೆ ನಿಯಮಗಳನ್ನು ಮಾಡಿತು. ಶಸ್ತ್ರಕ್ರಿಯೆಗೆ ಮುನ್ನ ಲಿಖಿತ ಒಪ್ಪಿಗೆ ಬೇಕೆಂದು ಅದರಲ್ಲಿ ಹೇಳಿದೆ. ಯಾರ ಒಪ್ಪಿಗೆ? ಮೊದಲು ಪತಿ ಅಥವಾ ಪತ್ನಿ; ಆಮೇಲೆ, ಅಪ್ರಾಪ್ತರಾದರೆ, ತಂದೆತಾಯಿ ಅಥವಾ ಪೋಷಕರು; ಎಲ್ಲರದೂ ಆದ ಮೇಲೆ, ಕೊನೆಯಲ್ಲಿ, ರೋಗಿ! ಶರೀರ ಯಾರದೋ ಅವರ ಹೆಸರು ಪಂಕ್ತಿಯ ತುದಿಯಲ್ಲಿ. ಸಾವಿರ ವರ್ಷಗಳ ಅಧಿಪತಿ ಇನ್ನೂ ಎದ್ದುಹೋಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಗರ್ಭಕೋಶದ ಶಸ್ತ್ರಕ್ರಿಯೆಗಳಲ್ಲಿ ನಡೆಯುವ ಮಾತುಕತೆಯನ್ನು ಭಕ್ತರು ಒಮ್ಮೆ ನೆನಪಿಸಿಕೊಳ್ಳಲಿ. ವೈದ್ಯರು ಗಂಡನೊಡನೆ ಮಾತನಾಡುತ್ತಾರೆ, ಗಂಡನು ಅಣ್ಣನೊಡನೆ ಮಾತನಾಡುತ್ತಾನೆ, ಹಣದ ಏರ್ಪಾಡು ಆಗುತ್ತದೆ. ಆಕೆಗೆ ‘ನಾಳೆ ಬೆಳಿಗ್ಗೆ ಏನೂ ತಿನ್ನಬೇಡ’ ಎಂಬ ಸೂಚನೆ ಮಾತ್ರ ತಲುಪುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ಕಾಗದದ ಮೇಲೆ ಹೆಬ್ಬೆಟ್ಟು ಬೀಳುತ್ತದೆ. ಅದನ್ನು ಒಪ್ಪಿಗೆಪತ್ರವೆಂದು ಕರೆಯುತ್ತಾರೆ. ನಾವಾದರೋ ಅದನ್ನು ವೈದ್ಯನು ತನಗೆ ತಾನೇ ಬರೆದುಕೊಂಡ ರಕ್ಷಣಾಪತ್ರವೆಂದೇ ಕರೆಯುತ್ತೇವೆ.

ಇನ್ನು ಸಮಾವೇಶದಲ್ಲಿ ಕೇಳಿದ ವಾದಗಳು. ಸಮಯವಿಲ್ಲವೆಂಬ ಮಾತು ನಿಜ. 67 ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಪ್ರಾಥಮಿಕ ಚಿಕಿತ್ಸೆಗೆ ಬಂದ ರೋಗಿಗೆ ವೈದ್ಯನು ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮ ದೇಶದಲ್ಲಿ ಸುಮಾರು 2 ನಿಮಿಷ. ಇದಕ್ಕೆ ಒಬ್ಬೊಬ್ಬ ವೈದ್ಯನನ್ನು ದೂರುವುದು ಅನ್ಯಾಯ. ತಾಲ್ಲೂಕು ಆಸ್ಪತ್ರೆಯಲ್ಲಿ ಖಾಲಿ ಬಿದ್ದ ಹುದ್ದೆಗಳಿಗೆ ಅಲ್ಲಿ ದುಡಿಯುತ್ತಿರುವ ಒಬ್ಬನು ಹೊಣೆಯಲ್ಲ. ಆದರೆ ಇರುವ ಎರಡು ನಿಮಿಷದಲ್ಲಿ ಯಾರು ಮಾತನಾಡುತ್ತಾರೆ? ಅಮೆರಿಕದಲ್ಲಿ 1984ರಲ್ಲಿ 74 ಭೇಟಿಗಳನ್ನು ಧ್ವನಿಮುದ್ರಿಸಿ ಪರೀಕ್ಷಿಸಿದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯನು ಅಡ್ಡಬಾಯಿ ಹಾಕಿದ್ದು ಕಂಡುಬಂದಿತು. ಅಲ್ಲಿನ ವೈದ್ಯರಿಗೆ ನಮ್ಮವರಷ್ಟು ದಟ್ಟಣೆ ಇರಲಿಲ್ಲ. ಆದುದರಿಂದ ಗಡಿಯಾರವೊಂದನ್ನೇ ದೂರಿ ಪ್ರಯೋಜನವಿಲ್ಲ. ಮೇಲಾಗಿ ನಾವು ಹೇಳಿದ ಪಿತ್ತಕೋಶದ ರೋಗಿ ಆರು ದಿನ ಅದೇ ದವಾಖಾನೆಯ ಮಂಚದ ಮೇಲೆ ಮಲಗಿದ್ದನು. ಆರು ದಿನದಲ್ಲಿ ಹತ್ತು ನಿಮಿಷ ಸಿಗಲಿಲ್ಲವೆಂದರೆ ನಂಬುವುದು ಹೇಗೆ?

ಹಳ್ಳಿಯ ಜನಕ್ಕೆ ತಿಳಿಯದೆಂಬ ವಾದವು ನಮಗೆ ಸಿಟ್ಟು ತರಿಸುತ್ತದೆ. ಹತ್ತಿಗೆ ಬಿದ್ದ ಹುಳಕ್ಕೆ ಯಾವ ಔಷಧಿ ಎಷ್ಟು ನೀರಿಗೆ ಎಷ್ಟು, ಯಾವುದನ್ನು ಯಾವುದರೊಡನೆ ಬೆರೆಸಬಾರದು ಎಂಬುದನ್ನು ಬಲ್ಲ ರೈತನಿಗೆ ತನ್ನ ಹೊಟ್ಟೆಯೊಳಗಿನ ಒಂದು ನಾಳ ಸೋರುತ್ತಿದೆಯೆಂಬುದು ತಿಳಿಯಲಾರದೆ? ಕಾಲುವೆ ಒಡೆದರೆ ಹೊಲಕ್ಕೆ ಏನಾಗುತ್ತದೆಂದು ಆತನಿಗಿಂತ ಚೆನ್ನಾಗಿ ಯಾವ ಪಟ್ಟಣಿಗನು ಬಲ್ಲನು? ತಿಳಿಯದಿರುವುದು ವಿಷಯವಲ್ಲ, ಭಾಷೆ. ಕನ್ನಡದ ಪ್ರಸಾದ ನಿಲಯದಲ್ಲಿ ಉಂಡು, ಕನ್ನಡದ ಶಾಲೆಯಲ್ಲಿ ಕಲಿತು, ವೈದ್ಯಕೀಯ ಕಾಲೇಜಿಗೆ ಹೋಗಿ ಬಂದ ಮೇಲೆ ನಮ್ಮ ಹುಡುಗರಿಗೆ ರೋಗದ ಹೆಸರನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು; ಆತನು ತನ್ನ ಕಸುಬಿನ ಮಾತನ್ನೇ ಅನುಭಾವದ ಮಾತಾಗಿಸಿದನು. ವೈದ್ಯನ ಪರಿಭಾಷೆಯಿಂದ ಪರಶಿವನನ್ನು ಕುರಿತು ಕನ್ನಡದಲ್ಲಿ ಹೇಳಲು ಬಂದ ನಾಡಿನಲ್ಲಿ ಪಿತ್ತನಾಳವನ್ನು ಕುರಿತು ಹೇಳಲು ಕನ್ನಡ ಸಾಲದೆ?

ಹೇಳಿದರೆ ಅಂಜುತ್ತಾರೆಂಬುದಕ್ಕೆ ಬ್ರಿಟನ್ನಿನ ಒಂದು ಮೊಕದ್ದಮೆಯೇ ಉತ್ತರ. ಸ್ಕಾಟ್ಲೆಂಡಿನಲ್ಲಿ ಕುಳ್ಳಗಿನ ದೇಹದ, ಸಕ್ಕರೆ ಕಾಯಿಲೆಯಿದ್ದ ಗರ್ಭಿಣಿಯೊಬ್ಬರು ಮಗು ದೊಡ್ಡದಾಗಿದೆಯೆಂದು ಆತಂಕ ವ್ಯಕ್ತಪಡಿಸಿದ್ದರು. ಅಂಥ ತಾಯಂದಿರ ಸಹಜ ಹೆರಿಗೆಯಲ್ಲಿ ನೂರಕ್ಕೆ ಒಂಬತ್ತು ಹತ್ತು ಮಂದಿಗೆ ಶಿಶುವಿನ ಭುಜ ಸಿಕ್ಕಿಕೊಳ್ಳುವುದುಂಟು. ವೈದ್ಯರು ಅದನ್ನು ಹೇಳಲಿಲ್ಲ. ಹೇಳಿದರೆ ಎಲ್ಲರೂ ಸಿಸೇರಿಯನ್ ಶಸ್ತ್ರಕ್ರಿಯೆಯನ್ನೇ ಕೇಳುತ್ತಾರೆ ಎಂಬುದು ಅವರ ಸಮರ್ಥನೆ. 1999ರಲ್ಲಿ ಹುಟ್ಟಿದ ಆ ಮಗು ಭುಜ ಸಿಕ್ಕಿ, ಉಸಿರುಗಟ್ಟಿ, ಜೀವನಪೂರ್ತಿ ಅಂಗವಿಕಲನಾಯಿತು. 2015ರ ಮಾರ್ಚಿಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತಾಯಿಯ ಪರವಾಗಿ ತೀರ್ಪಿತ್ತು, ರೋಗಿಗೆ ಏನು ಹೇಳಬೇಕೆಂಬುದನ್ನು ವೈದ್ಯಸಮೂಹದ ವಾಡಿಕೆ ನಿರ್ಧರಿಸುವ ಕಾಲ ಮುಗಿಯಿತೆಂದಿತು. ‘ಹೇಳಿದರೆ ಬೇರೆಯದನ್ನು ಆರಿಸಿಕೊಳ್ಳುತ್ತಾರೆ’ ಎಂಬ ಮಾತನ್ನು ನಮ್ಮ ವೈದ್ಯ ಮಿತ್ರರು ಇನ್ನೊಮ್ಮೆ ಓದಲಿ. ಹೇಳದಿರುವುದಕ್ಕೆ ಅದು ಕಾರಣವಾಗುವುದಿರಲಿ, ಹೇಳಲೇಬೇಕೆಂಬುದಕ್ಕೆ ಅದಕ್ಕಿಂತ ಬಲವಾದ ಕಾರಣ ಯಾವುದು?

ನ್ಯಾಯಾಲಯದ ಭಯದ ವಿಷಯ. ವೈದ್ಯಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿದಂದಿನಿಂದ ಈ ಭಯ ನಮ್ಮ ವೈದ್ಯರನ್ನು ಬಿಟ್ಟಿಲ್ಲ. 2005ರಲ್ಲಿ ಅದೇ ನ್ಯಾಯಾಲಯವು, ಘೋರವಾದ ನಿರ್ಲಕ್ಷ್ಯವಿದ್ದ ಹೊರತು ವೈದ್ಯನನ್ನು ಕ್ರಿಮಿನಲ್ ಮೊಕದ್ದಮೆಗೆ ಎಳೆಯಬಾರದೆಂದು ರಕ್ಷಣೆ ಕೊಟ್ಟದ್ದನ್ನು ಮಾತ್ರ ಯಾರೂ ಸಭೆಗಳಲ್ಲಿ ಹೇಳುವುದಿಲ್ಲ. ಅದಂತಿರಲಿ. ಹಾನಿಗೊಂಡವರು ವೈದ್ಯರ ಮೇಲೆ ದಾವೆ ಹೂಡುವುದೇಕೆಂದು ಬ್ರಿಟನ್ನಿನಲ್ಲಿ 227 ರೋಗಿಗಳನ್ನೂ ಬಂಧುಗಳನ್ನೂ ಕೇಳಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಣದ ಅಪೇಕ್ಷೆ ಇದ್ದದ್ದು ನಿಜ; ಅದರ ಜೊತೆಗೆ, ಏನಾಯಿತೆಂದು ತಿಳಿಯಬೇಕು, ಇನ್ನೊಬ್ಬರಿಗೆ ಹೀಗಾಗಬಾರದು, ಮಾಡಿದವರು ಹೊಣೆ ಹೊರಬೇಕು ಎಂಬ ಅಪೇಕ್ಷೆಗಳೂ ಇದ್ದವು. ಪ್ಲಾಸ್ಟಿಕ್ ಚೀಲ ಹಿಡಿದು ಬಂದ ನಮ್ಮ ಹೆಣ್ಣುಮಗಳು ಕೇಳಿದ್ದು ಅದರಲ್ಲಿ ಮೊದಲನೆಯದನ್ನು ಮಾತ್ರ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ, ತಪ್ಪಾದಾಗ ತಾವೇ ರೋಗಿಗೆ ತಿಳಿಸಿ, ಕ್ಷಮೆ ಕೇಳಿ, ಯುಕ್ತ ಪರಿಹಾರ ಕೊಡುವ ಪದ್ಧತಿಯನ್ನು ತಂದವು. ವಕೀಲರ ಭವಿಷ್ಯವಾಣಿಯಂತೆ ಮೊಕದ್ದಮೆಗಳ ಮಳೆ ಸುರಿಯಬೇಕಾಗಿತ್ತು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಪ್ರತಿ ಲಕ್ಷ ರೋಗಿಭೇಟಿಗೆ ತಿಂಗಳಿಗೆ ಸುಮಾರು 7 ಇದ್ದ ದಾವೆಗಳು 4.5ಕ್ಕೆ ಇಳಿದಿದ್ದವು.

ಈ ಮಾತನ್ನು ಬರೆದು ನಾವೇ ಸ್ವಲ್ಪ ಅಂಜುತ್ತಿದ್ದೇವೆ. ಏಕೆಂದರೆ ಇದನ್ನೇ ಹಿಡಿದುಕೊಂಡು, ಮಾತನಾಡುವುದು ಮೊಕದ್ದಮೆ ತಪ್ಪಿಸುವ ಉಪಾಯವೆಂದು ಕಲಿಸುವವರು ಹೊರಟಿದ್ದಾರೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ದಾವೆಗೆ ಗುರಿಯಾಗದ ಸಾಮಾನ್ಯ ವೈದ್ಯರು ಪ್ರತಿ ರೋಗಿಗೆ ಸರಾಸರಿ 18.3 ನಿಮಿಷ, ಗುರಿಯಾದವರು 15 ನಿಮಿಷ ಕೊಡುತ್ತಿದ್ದರೆಂದೂ, ಮೊದಲಿನವರು ಹೆಚ್ಚು ನಗುನಗುತ್ತ ಮಾತನಾಡುತ್ತಿದ್ದರೆಂದೂ ತೋರಿಸಿತು. ಶಸ್ತ್ರವೈದ್ಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಅದೇ ಅಧ್ಯಯನ ಹೇಳಿದೆ. ಉಪನ್ಯಾಸಕಾರರು ಅದನ್ನು ಬಿಡುತ್ತಾರೆ. ದಾವೆ ಬೀಳದ ವೈದ್ಯನು ತಪ್ಪು ಮಾಡದ ವೈದ್ಯನೆಂದು ಅರ್ಥವೆ? ನ್ಯೂಯಾರ್ಕ್ ರಾಜ್ಯದ 1984ರ ಮೂವತ್ತು ಸಾವಿರ ರೋಗಿಗಳ ಕಡತಗಳನ್ನು ಪರಿಶೀಲಿಸಿ 1991ರಲ್ಲಿ ಪ್ರಕಟಿಸಿದ ವರದಿಯಂತೆ, ನಿರ್ಲಕ್ಷ್ಯದಿಂದ ಹಾನಿಗೊಂಡವರಲ್ಲಿ ನೂರಕ್ಕೆ ಇಬ್ಬರೂ ದಾವೆ ಹೂಡಿರಲಿಲ್ಲ. ಮೊಕದ್ದಮೆ ಪ್ರಿಯವಾದ ದೇಶದಲ್ಲಿಯೇ ಈ ಸ್ಥಿತಿ! ಹೀಗಿರುವಾಗ ನಗುಮುಖವನ್ನು ಗುರಾಣಿಯಾಗಿ ಮಾರುವವರು ರೋಗಿಗೆ ಇನ್ನೊಂದು ಮೋಸವನ್ನು ಕಲಿಸಿದಂತಾಗುತ್ತದೆ. ತಪ್ಪನ್ನು ಜೇನಿನಲ್ಲಿ ಅದ್ದಿ ಕೊಟ್ಟರೆ ತಪ್ಪು ಕರಗುವುದಿಲ್ಲ. ನಾವು ಕೇಳುತ್ತಿರುವುದು ಸಿಹಿ ಮಾತನ್ನಲ್ಲ, ನಿಜವಾದ ಮಾತನ್ನು. ಒರಟಾಗಿ ಹೇಳಿದರೂ ಸರಿ, ಸಕಾಲದಲ್ಲಿ ಹೇಳಲಿ. 2019ರಿಂದ ವೈದ್ಯ ವಿದ್ಯಾರ್ಥಿಗಳ ಪಠ್ಯಕ್ರಮದಲ್ಲಿ ನಡತೆ, ನೀತಿ, ಸಂವಹನಗಳನ್ನು ಸೇರಿಸಿರುವುದು ಸ್ವಾಗತಾರ್ಹ. ಅಲ್ಲಿ ಕಲಿಸುವ ಗುರುಗಳು ಈ ಭೇದವನ್ನು ಮರೆಯದಿದ್ದರೆ ಸಾಕು.

ಭಕ್ತರಿಗೂ ಎರಡು ಮಾತು. ದವಾಖಾನೆಯ ಗಾಜು ಒಡೆಯುವುದು, ದಾದಿಯರ ಮೇಲೆ ಕೈ ಎತ್ತುವುದು ನಮ್ಮ ರಾಜ್ಯದ 2009ರ ಕಾಯಿದೆಯಂತೆ ಅಪರಾಧ. ಕಾಯಿದೆ ಇರದಿದ್ದರೂ ಅದು ನೀಚತನವೇ. ಕೇಳಬೇಕಾದ ದಿನ ಬಾಯಿ ಮುಚ್ಚಿಕೊಂಡು, ಕಳೆದುಕೊಂಡ ಮೇಲೆ ಕಲ್ಲು ಎತ್ತುವ ಅಭ್ಯಾಸವನ್ನು ಬಿಡಿರಿ. ‘ಡಾಕ್ಟರನ್ನು ಹೇಗೆ ಕೇಳುವುದು’ ಎಂಬ ಸಂಕೋಚ ಬೇಡ. ಶಸ್ತ್ರಕ್ರಿಯೆ ಏಕೆ, ಮಾಡದಿದ್ದರೆ ಏನು, ಬೇರೆ ದಾರಿ ಇದೆಯೆ, ಕೆಟ್ಟರೆ ಏನು ಕೆಡುತ್ತದೆ ಎಂದು ಕೇಳಿರಿ. ಮಲಗುವವರೇ ಕೇಳಲಿ, ಹೊರಗೆ ನಿಂತವರಲ್ಲ. ರೋಗಿಯ ಕಡತದ ಪ್ರತಿಯನ್ನು ಕೇಳಿದ 72 ಗಂಟೆಗಳ ಒಳಗೆ ಕೊಡಬೇಕೆಂದು 2002ರ ಆ ನಿಯಮಗಳಲ್ಲಿಯೇ ಇದೆ. ಅರ್ಜಿಯನ್ನು ಬರೆದು ಕೊಡಿರಿ, ಕೊಟ್ಟುದಕ್ಕೆ ರಸೀದಿ ಪಡೆಯಿರಿ.

ಕೊನೆಗೆ ಆ ವೈದ್ಯನ ವಿಷಯ. ಹೆಣ್ಣುಮಗಳು ಬಂದುಹೋದ ಮೇಲೆ ನಾವು ಆತನನ್ನು ಕರೆಸಿ ಕಡತವನ್ನು ಮುಂದಿಟ್ಟೆವು. ಮೂರನೆಯ ದಿನವೇ ಗೊತ್ತಾಗಿತ್ತೆಂದೂ, ತನ್ನಷ್ಟಕ್ಕೆ ಸರಿಹೋದೀತೆಂಬ ಆಸೆ ಇತ್ತೆಂದೂ, ಹೇಳಿದರೆ ತನ್ನ ಹೊಸ ದವಾಖಾನೆಯ ಹೆಸರು ಕೆಡುತ್ತದೆಂಬ ಭಯ ಅದಕ್ಕಿಂತ ಹೆಚ್ಚಾಗಿತ್ತೆಂದೂ ಆತನು ನಮ್ಮೆದುರು ಒಪ್ಪಿಕೊಂಡನು. ಅದನ್ನು ನಮಗೆ ಹೇಳಿ ಪ್ರಯೋಜನವಿಲ್ಲ, ಕೇಳಬೇಕಾದವರು ಬೇರೆ ಇದ್ದಾರೆ ಎಂದೆವು. ಒಂದು ಸೋಮವಾರ ಆತನು ಮಠಕ್ಕೆ ಬಂದು, ಪಡಸಾಲೆಯ ಚಾಪೆಯ ಮೇಲೆ ಆಕೆಯ ಎದುರು ಕುಳಿತು, ಸುಮಾರು ಮುಕ್ಕಾಲು ಗಂಟೆ, ಮೊದಲಿನಿಂದ ಕೊನೆಯವರೆಗೆ, ಕನ್ನಡದಲ್ಲಿ ಹೇಳಿದನು. ಆಕೆ ಕ್ಷಮಿಸಿದಳೋ ಇಲ್ಲವೋ ನಾವು ಕೇಳಲಿಲ್ಲ. ಅದು ನಮ್ಮ ಅಧಿಕಾರದ ಮಾತಲ್ಲ. ದಾವೆ ಹೂಡಬೇಕೆ ಎಂದು ಆಕೆಯ ತಂಗಿಯ ಮಗನು ನಮ್ಮನ್ನು ಕೇಳಿದಾಗ, ಈ ಬಾರಿ ಬೇಡವೆಂದು ಹೇಳಲು ನಮಗೆ ಬಾಯಿ ಬರಲಿಲ್ಲ.

ಇನ್ನು ಮುಂದೆ ರೋಗಿಗೂ ವೈದ್ಯನಿಗೂ ನಡುವೆ ಬಾಯಿ ಮುಚ್ಚಿಸುವ ರಾಜಿಗೆ ಈ ಮಠ ನಿಲ್ಲುವುದಿಲ್ಲ. ಅಂಥ ಫೋನು ಯಾರೂ ಮಾಡಬೇಕಾಗಿಲ್ಲ. ಅದರ ಬದಲಿಗೆ, ಪ್ರತಿ ತಿಂಗಳ ಮೊದಲ ಸೋಮವಾರ ಮಠದ ಪಡಸಾಲೆಯಲ್ಲಿ, ಬಂದವರ ದವಾಖಾನೆಯ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳುವ ಏರ್ಪಾಡು ಮಾಡಬೇಕೆಂದಿದ್ದೇವೆ. ಅದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಗಳಾದ ವೈದ್ಯರು ಬೇಕು. ಒಬ್ಬನು ಈಗಾಗಲೇ ಹೆಸರು ಕೊಟ್ಟಿದ್ದಾನೆ. ಯಾರೆಂದು ವಾಚಕರು ಊಹಿಸಿಕೊಳ್ಳಬಹುದು. ಉಳಿದವರು ಮಠದ ಕಾರ್ಯಾಲಯಕ್ಕೆ ಬರೆದು ತಿಳಿಸಲಿ.